ಮುದಕಪ್ಪನ ಪ್ಲಾಸ್ಟಿಕ್ ಮೀನು

ಜಮಖಂಡಿ ಕಡೆಯ ಕೃಷ್ಣೆಯ ದಂಡೆಯಲ್ಲಿ ಅಂಬಿಗರ ಮುದಕಪ್ಪನಷ್ಟು ಹಟಮಾರಿ ಇನ್ನೊಬ್ಬನಿರಲಿಲ್ಲ. ಸಾವಿರದ ಒಂಬೈನೂರ ಎಂಬತ್ತೈದರ ಸುಮಾರಿಗೆ ದೋಣಿ ಎಳೆಯುವಾಗ ಬಿದ್ದು ಅವನ ಬಲಭುಜ ಕೆಟ್ಟಿತು. ಬಲೆ ಬೀಸುವುದು ಅಲ್ಲಿಗೆ ಮುಗಿಯಿತು. ಬನಹಟ್ಟಿಯ ಗಿರಣಿಯಲ್ಲಿ ದುಡಿಯುತ್ತಿದ್ದ ತಂಗಿಯ ಮಗ ಕರೆಪ್ಪ ಮಾವನಿಗೂ ಅಲ್ಲೇ ಬಾಗಿಲು ಕಾಯುವ ಕೆಲಸ ಗೊತ್ತುಮಾಡಿದ. ಹೆಂಡತಿ ಸಾತವ್ವನೂ ಹೂಂ ಅಂದಳು. ಹೊಳೆ ಬಿಟ್ಟು ಬಾಗಿಲು ಕಾಯುವುದೆಂದರೆ ಮುದಕಪ್ಪನಿಗೆ ಜೀವವೇ ಹೋದಂತೆ.

"ದೀಪಾವಳಿ ತನಕ ತಡೀರಿ. ಗಾಳದಾಗ ಬಾಳಿಮೀನ ಹಿಡದು ತೋರಸ್ತೇನಿ. ಆಗಲಿಲ್ಲಂದ್ರ ಬರ್ತೇನಿ," ಅಂದ.

ಬಾಳೆಮೀನು ಬೇಟೆಗಾರ. ಸಣ್ಣ ಮೀನು ಅಲುಗಾಡುವುದು ಕಂಡರೆ ಬಾಯಿ ಹಾಕುತ್ತದೆ. ಆದರೆ ಆ ಸಣ್ಣ ಮೀನು ಹಿಡಿಯಲಿಕ್ಕೂ ಬಲೆಯೇ ಬೇಕಲ್ಲ! ಮುದಕಪ್ಪ ಹರಿದ ಪ್ಲಾಸ್ಟಿಕ್ ಚಪ್ಪಲಿಯನ್ನು ಬಿಸಿನೀರಲ್ಲಿ ಮೆತ್ತಗೆ ಮಾಡಿ, ಬೆರಳುದ್ದದ ಮೀನಿನ ಆಕಾರಕ್ಕೆ ಕತ್ತರಿಸಿ, ಹೊಟ್ಟೆಗೆ ಗಾಳ ಚುಚ್ಚಿದ. ದಪ್ಪ ಬಾಲ ನೀರಲ್ಲಿ ಸೆಟೆದು ನಿಂತಿತು. ಹೆರೆದು ಹೆರೆದು ಎಲೆಯಷ್ಟು ತೆಳ್ಳಗೆ ಮಾಡಿದ ಮೇಲೆ ಬಳುಕಿತು. ಆದರೂ ಮೀನು ಮೂಸಲಿಲ್ಲ.

"ಚಪ್ಪಲ್ ತಿನ್ನಾಕ ಮೀನಿಗೇನ ಹುಚ್ಚ ಹಿಡದೈತಿ?" ಎಂದು ದಂಡೆಯವರು ನಕ್ಕರು.

ಒಂದು ದಿನ ದಾರ ಎಳೆಯುತ್ತಿದ್ದಾಗ ಭುಜ ಹಿಡಿದುಕೊಂಡಿತು. "ಯವ್ವಾ!" ಎಂದು ಕೈ ನಿಲ್ಲಿಸಿದ. ಪ್ಲಾಸ್ಟಿಕ್ ಮೀನು ಬಾಲ ನಡುಗಿಸುತ್ತ ಮೆಲ್ಲಗೆ ಕೆಳಗಿಳಿಯಿತು. ಮರುಗಳಿಗೆ ದಾರ ಬಿಗಿಯಿತು, ಬಾಳೆಮೀನು! ಅವನಿಗೆ ಆಗ ತಿಳಿಯಿತು: ಗಟ್ಟಿ ಮೀನಿನ ಬೆನ್ನು ಯಾರು ಹತ್ತುತ್ತಾರೆ, ಪೆಟ್ಟು ತಿಂದದ್ದೇ ಸುಲಭದ ತುತ್ತು. ಅಂದಿನಿಂದ ಎಳೆದು, ನಿಲ್ಲಿಸಿ, ಇಳಿಬಿಟ್ಟು, ಮತ್ತೆ ಎಳೆಯತೊಡಗಿದ. ನೋವಿಗೆ ಪ್ರತಿಸಲ "ಯವ್ವಾ" ಎನ್ನುವುದೂ ತಪ್ಪಲಿಲ್ಲ. ನೋವನ್ನೇ ಕಸುಬು ಮಾಡಿಕೊಂಡ ಗಂಡು ಅವನು!

ದೀಪಾವಳಿಗೆ ಕರೆಪ್ಪ ಕರೆದೊಯ್ಯಲು ಬಂದ. ಮಾವ ಹಿಡಿದ ಮೀನು ನೋಡಿ, "ನಸೀಬ ಇದು," ಎಂದು ತಾನೇ ದಾರ ಎಳೆದ. ಸರಸರ ಎಳೆದ, ಏನೂ ಬರಲಿಲ್ಲ. ಮಾವನ ನರಳಾಟವೇ ಮಂತ್ರವಿರಬೇಕೆಂದು, ಕಲ್ಲಿನಂಥ ಭುಜದ ಆ ಗಂಡಸು ತಾನೂ "ಯವ್ವಾ!" ಎಂದು ನರಳಿದ. ನರಳಿದಾಗಲೆಲ್ಲ ಕೈ ನಿಂತಿತು. ಮೂರನೆಯ ನರಳಿಕೆಗೆ ಬಾಳೆಮೀನು ಎಳೆಯಿತು. ದಂಡೆಯೆಲ್ಲ ಬಿದ್ದು ಬಿದ್ದು ನಕ್ಕಿತು.

ಬನಹಟ್ಟಿಯ ಬಸ್ಸು ಆಗಲೇ ಹೋಗಿತ್ತು.

"ಅತ್ತಿ, ಗಿರಣಿಯವ್ರು ಬ್ಯಾರೆ ಯಾರನ್ನಾರ ನೋಡ್ಕೊಳ್ಳಲಿ," ಕರೆಪ್ಪ ಸಾತವ್ವನಿಗೆ ಹೇಳಿದ. "ಮಾವ ಇಲ್ಲೇ ಇರಲಿ. ನಾನೂ ಇವತ್ತ ಗಾಳ ಹಾಕಿ ನಾಳಿ ಹೋಗ್ತೇನಿ."

ನಾಲ್ಕು ಜನರ ಮುಂದೆ ಎಂದೂ ಕಣ್ಣೀರು ಹಾಕದ ಮುದಕಪ್ಪ ಅಂದು ಗಳಗಳ ಅತ್ತುಬಿಟ್ಟ.