ತುರ್ವಿಹಾಳದ ಶರಣಮ್ಮ ಸಂತೆಯಲ್ಲಿ ಹೇಳದೆ ಬಿಟ್ಟ ಮಾತು

೧೯೮೬ನೇ ಇಸವಿಯ ಬೇಸಿಗೆ. ನಾನು ಒಂಬತ್ತನೇ ತರಗತಿಯ ಪರೀಕ್ಷೆ ಮುಗಿಸಿ ಮನೆಯಲ್ಲಿದ್ದೆ. ನಾವಾಗ ಮಸ್ಕಿಯಲ್ಲಿದ್ದೆವು. ಅಪ್ಪ ಅಲ್ಲಿ ನೀರಾವರಿ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಅವರಿಗೆ ಲಿಂಗಸುಗೂರಿಗೆ ವರ್ಗವಾಯಿತು. ದೂರವೇನೂ ಅಲ್ಲ, ಆದರೆ ಅಲ್ಲಿ ಸಿಕ್ಕ ಬಾಡಿಗೆ ಮನೆಗೆ ಹಿತ್ತಲೇ ಇರಲಿಲ್ಲ. ಹಾಗಾಗಿ ನಮ್ಮ ಎಮ್ಮೆ ಕರೆವ್ವನನ್ನು ಮಾರಲೇಬೇಕಾಯಿತು.

ಕರೆವ್ವ ಅಪ್ಪನ ಎಮ್ಮೆ. ಮೇವು, ನೀರು, ಸಗಣಿ ಎಲ್ಲ ಅಮ್ಮನದು, ನನ್ನದು. ಹಿಂಡುವುದು ಮಾತ್ರ ಎರಡು ಹೊತ್ತೂ ಅಪ್ಪನೇ. ಆಗ ಹಿತ್ತಲಿಗೆ ಯಾರೂ ಬರಬಾರದು, ಎಮ್ಮೆ ಬೆದರುತ್ತದೆ ಎಂದು ಹೇಳಿಬಿಟ್ಟಿದ್ದರು. ಬಾಗಿಲ ಆಚೆಯಿಂದ ಅವರು ಏನೋ ಗುನುಗುವುದು ಸಣ್ಣಗೆ ಕೇಳುತ್ತಿತ್ತು. ದೇವರ ನಾಮ ಹೇಳುತ್ತಾರೆ ಅಂದುಕೊಂಡಿದ್ದೆವು. ಅಪ್ಪ ಬಹಳ ಕಡಿಮೆ ಮಾತಿನವರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಗುಂಡಿ ಕೊರಳತನಕ. ಅಮ್ಮನನ್ನು ಕರೆಯಬೇಕಾದರೆ "ಇಲ್ಲಿ ಕೇಳಿಲ್ಲೇನು" ಎನ್ನುತ್ತಿದ್ದರೇ ಹೊರತು ಒಂದು ದಿನವೂ ಹೆಸರು ಹಿಡಿದು ಕರೆದವರಲ್ಲ.

ಸಿಂಧನೂರಿನ ದನದ ಸಂತೆಗೆ ಎಮ್ಮೆ, ಕರು ಎರಡನ್ನೂ ಹೊಡೆದುಕೊಂಡು ಹೋದೆವು. ಅಲ್ಲಿ ವ್ಯಾಪಾರವೆಲ್ಲ ದಲಾಲಿಗಳ ಟವೆಲ್ಲಿನ ಕೆಳಗೆ, ಬೇರೆಯವರಿಗೆ ಬೆಲೆ ತಿಳಿಯದಂತೆ ಬೆರಳು ಹಿಡಿದು. ಬಸಣ್ಣ ಎಂಬ ದಲಾಲಿ ಬಂದು ಅಪ್ಪನ ಕೈಗೆ ಟವೆಲ್ಲು ಮುಚ್ಚಲು ಹೋದ. ಅಪ್ಪ ಕೈ ಹಿಂದಕ್ಕೆ ಎಳೆದುಕೊಂಡರು.

"ಅದು ನನಗ ಬರಂಗಿಲ್ಲಪ್ಪಾ. ಎಲ್ಲಾರ ಮುಂದ ಸವಾಲ್ ಆಗ್ಲಿ. ಯಾರಿಗೆ ಬೇಕೋ ಅವ್ರು ಬಾಯಿ ಬಿಟ್ಟು ಕೇಳ್ಲಿ" ಅಂದರು.

ನಮ್ಮ ಕಡೆ ಹರಾಜಿಗೆ ಸವಾಲ್ ಎನ್ನುತ್ತಾರೆ. ಜನ ಸೇರಿದರು. ಸವಾಲಿಗೆ ಮೊದಲು ಅಪ್ಪ ಕಚೇರಿಯ ಕಾಗದ ಓದುವ ಹಾಗೆ ಎಮ್ಮೆಯ ಗುಣ, ಅವಗುಣ ಎರಡನ್ನೂ ಹೇಳಿದರು. ಮೂರನೇ ಸೂಲು. ಎಡಗೊಂಬಿನ ತುದಿ ಮುರಿದಿದೆ. ನಾಯಿ ಕಂಡರೆ ಹಗ್ಗ ಹರಿಯುತ್ತದೆ. ಬಸಣ್ಣ ನಕ್ಕ. "ಮಾರಾಕ ಬಂದೀರೋ, ದೂರು ಹೇಳಾಕ ಬಂದೀರೋ?" ಅಂದ. ಆದರೂ ಬಿಡದೆ ತನ್ನ ಗಿರಾಕಿಯ ಪರವಾಗಿ ಸವಾಲ್ ಕೂಗುತ್ತಾ ಹೋದ. ಅವನ ಎದುರು ಪಟ್ಟು ಹಿಡಿದು ನಿಂತವರು ತುರ್ವಿಹಾಳದ ಶರಣಮ್ಮ. ನಲವತ್ತರ ಆಸುಪಾಸಿನ, ಗಟ್ಟಿ ದನಿಯ ಹೆಂಗಸು. ಕೊನೆಗೆ ಎಮ್ಮೆ ಅವರಿಗೇ ಆಯಿತು. ಕರೆವ್ವ ಹೋಗುವಾಗ ಅಪ್ಪ ಅದರ ಬೆನ್ನ ಮೇಲೆ ಒಮ್ಮೆ ಕೈ ಇಟ್ಟರು. ಅಷ್ಟೇ. ನಾನು ಬಸ್ಸಿನಲ್ಲಿ ಅತ್ತೆ.

ಮುಂದಿನ ಸಂತೆಗೆ ಇನ್ನೂ ಎರಡು ದಿನವಿತ್ತು. ಬೆಳಿಗ್ಗೆ ಮೊದಲ ಬಸ್ಸಿಗೆ ಶರಣಮ್ಮ ನಮ್ಮ ಮನೆ ಹುಡುಕಿಕೊಂಡು ಬಂದರು. ನಾವು ಲಿಂಗಸುಗೂರಿಗೆ ಸಾಗಿಸಲು ಪಾತ್ರೆಗಳನ್ನು ಚೀಲಕ್ಕೆ ತುಂಬುತ್ತಿದ್ದೆವು. ಅಮ್ಮ ನೀರು ಕೊಟ್ಟರು. ಶರಣಮ್ಮ ಕುಡಿದು, ಚೊಂಬು ಕೆಳಗಿಟ್ಟು, ಅಮ್ಮನ ಹೆಸರು ಕೇಳಿದರು. "ನೀಲಮ್ಮ" ಅಂದರು ಅಮ್ಮ.

"ನೀಲಮ್ಮಕ್ಕಾ, ಎಮ್ಮಿ ಹಾಲು ಕೊಡವಲ್ದು. ಕರಾ ಬಿಟ್ರ ಸೊರ ಬಿಟ್ಟು ಹಾಲಿಳಸ್ತೈತಿ, ಕೈ ಹಾಕಿದ್ರ ಮ್ಯಾಲ ಏರಿಸಿಕೊಂತೈತಿ. ಶೇಂಗಾ ಹಿಂಡಿ ಇಟ್ಟೆ, ಬೆಲ್ಲ ತಿನ್ನಿಸಿದೆ, ನಮ್ಮ ಓಣಿಯವರೆಲ್ಲಾ ಒಬ್ಬೊಬ್ಬರಾಗಿ ಕುಂತು ನೋಡಿದ್ರು. ಒಂದು ಸೇರೂ ಇಲ್ಲ."

ಅಪ್ಪ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. ಶರಣಮ್ಮ ಅವರ ಕಡೆ ತಿರುಗಿದರು.

"ಸಾಹೇಬ್ರ, ದಲಾಲಿ ಬಸಣ್ಣ ಸವಾಲ್ ಸೋತ ಸಿಟ್ಟಿಗೆ ನಮ್ಮೂರಿಗೆ ಬಂದಿದ್ದ. 'ಗುಮಾಸ್ತ ನಿನಗ ಮೋಸ ಮಾಡ್ಯಾನ. ಮುಂದಿನ ಸಂತ್ಯಾಗ ನಿಂತು ಒದರು, ನಾನೂ ನಿನ್ನ ಜೋಡಿ ನಿಂದರ್ತೀನಿ' ಅಂದ. ನಾ ಒದರಂಗಿಲ್ಲ ಅಂದೆ. ಮೊದ್ಲ ಮಾರಿದವರನ್ನ ಕೇಳಬೇಕಲ್ರಿ. ಸಂತ್ಯಾಗ ಆಡಿದ ಮಾತು ತಿರುಗಿ ಬಾಯಾಗ ಹಾಕ್ಕೊಳಾಕ ಬರಂಗಿಲ್ಲ."

ಆಗ ನನಗೆ ಅದರ ತೂಕ ಪೂರ್ತಿ ತಿಳಿದಿರಲಿಲ್ಲ. ಕಾಲುವೆ ಉದ್ದಕ್ಕೂ ಇರುವ ಊರುಗಳ ರೈತರೆಲ್ಲ ಅಪ್ಪನ ಕಚೇರಿಗೇ ಬರುವವರು. ಈ ಗುಮಾಸ್ತ ಕೈ ಚಾಚುವವನಲ್ಲ ಎಂಬುದೊಂದೇ ಅಪ್ಪ ಗಳಿಸಿದ ಹೆಸರು. ಸಂತೆಯಲ್ಲಿ ಒಂದು ಸಲ ಮೋಸಗಾರ ಎನಿಸಿಕೊಂಡರೆ ಆ ಮಾತು ಅವರಿಗಿಂತ ಮೊದಲೇ ಲಿಂಗಸುಗೂರು ಮುಟ್ಟುತ್ತಿತ್ತು.

"ಹಿಂಡೂ ಮುಂದ ನೀವು ಏನರ ಮಾಡ್ತಿದ್ರ್ಯಾ?" ಎಂದು ಶರಣಮ್ಮ ಕೇಳಿದರು.

ಅಪ್ಪನ ಕಿವಿ ಕೆಂಪಾದವು. "ನಡೀರಿ, ನಾನ ಬರ್ತೀನಿ" ಅಂದರು. ಎಮ್ಮೆ ಹೊಸ ಮನೆಯಲ್ಲಿ ಹೇಗಿದೆಯೋ ನೋಡಬೇಕೆಂದು ಅಮ್ಮನೂ ಹೊರಟರು, ನಾನೂ ಹೊರಟೆ. ಅಪ್ಪನಿಗೆ ಅದು ಒಂಚೂರೂ ಇಷ್ಟವಿರಲಿಲ್ಲ. ಯಾಕೆಂದು ನಮಗೆ ಗೊತ್ತಾಗಲಿಲ್ಲ.

ಸಿಂಧನೂರಿಗೆ ಹೋಗಿ, ಮಧ್ಯಾಹ್ನದತನಕ ಕಾದು ಬಸ್ಸು ಬದಲಿಸಿ ತುರ್ವಿಹಾಳ ಸೇರುವಷ್ಟರಲ್ಲಿ ಇಳಿಹೊತ್ತಾಗಿತ್ತು. ಶರಣಮ್ಮನ ಅಂಗಳದಲ್ಲಿ ಭತ್ತದ ಹುಲ್ಲಿನ ಬಣವೆ, ಅದರ ಪಕ್ಕದಲ್ಲಿ ಕರೆವ್ವ. ಅಪ್ಪನನ್ನು ಕಂಡದ್ದೇ ಕತ್ತು ಉದ್ದ ಮಾಡಿ ಕೂಗಿತು. ಮಾರಿದ ಯಜಮಾನರು ಬಂದಾರಂತೆ ಎಂದು ಓಣಿಯ ಹೆಂಗಸರೆಲ್ಲ ಬಂದು ಕೂತರು. ಅಪ್ಪ, "ಎಲ್ಲಾರೂ ಒಂದೀಟು ಹೊರಗ ಹೋಗ್ರಿ, ಎಮ್ಮಿ ಬೆದರತೈತಿ" ಅಂದರು. ಯಾರೂ ಏಳಲಿಲ್ಲ. ಕಟ್ಟೆಯ ಮೇಲಿದ್ದ ಒಬ್ಬ ಮುದುಕಿ, "ನಾವೇನ್ ನಾಯಿ ಏನಪ್ಪಾ, ಎಮ್ಮಿ ಬೆದರಾಕ?" ಅಂದಳು.

ಅಪ್ಪ ತೋಳು ಮಡಚಿ, ಚರಿಗೆ ಹಿಡಿದು ಕುಕ್ಕರಗಾಲಲ್ಲಿ ಕೂತರು. ಸುಮ್ಮನೆ ಹಿಂಡಲು ನೋಡಿದರು. ಹಾಲಿಲ್ಲ. ತುಟಿ ಬಿಚ್ಚದೆ ಗುನುಗಿದರು. ಕರೆವ್ವ ಕಿವಿ ನಿಮಿರಿಸಿ ಅವರ ಕಡೆ ತಿರುಗಿತೇ ಹೊರತು ಹಾಲು ಬಿಡಲಿಲ್ಲ. ಬೆವರು ಅವರ ಅಂಗಿಯ ಬೆನ್ನಿಗೆ ಅಂಟಿತ್ತು. ಆಮೇಲೆ ಎಮ್ಮೆಯ ಹೊಟ್ಟೆಗೆ ಹಣೆ ಒತ್ತಿ, ಕಣ್ಣು ಮುಚ್ಚಿ, ಹಾಡಿದರು.

"ದಣದೀದಿ ನೀಲಾ, ದಣಿವಾರ ನೀಲಾ
ಊರೆಲ್ಲ ಮಲಗೈತಿ, ಕೊಡ ಇಳಸ ನೀಲಾ..."

ನಮ್ಮಪ್ಪನಿಗೆ ಅಂಥ ದನಿ ಇದೆ ಎಂದು ನನಗೆ ಗೊತ್ತೇ ಇರಲಿಲ್ಲ. ಹಾಡು ಇನ್ನೂ ಉದ್ದವಿತ್ತು. ನೀಲಾ ನೀರು ತರುವುದು, ನೀಲಾ ಒಲೆ ಊದುವುದು, ಹೊಗೆಗೆ ಅವಳ ಕಣ್ಣು ಕೆಂಪಾಗುವುದು. ಪ್ರತಿ ಸಾಲಿನ ತುದಿಗೂ ಅದೇ ಹೆಸರು. ಎರಡನೇ ಸಾಲು ಮುಗಿಯುವ ಮೊದಲೇ ಚರಿಗೆಯಲ್ಲಿ ಹಾಲಿನ ಸದ್ದು ಶುರುವಾಯಿತು. ಚರ್‍ರ್, ಚರ್‍ರ್. ನಾನು ಅಮ್ಮನ ಮುಖ ನೋಡಿದೆ. ಅವರು ಸೆರಗನ್ನು ಬಾಯಿಗೆ ಒತ್ತಿ ಹಿಡಿದು ನೆಲ ನೋಡುತ್ತಿದ್ದರು. ನಗುತ್ತಿದ್ದರೋ ಅಳುತ್ತಿದ್ದರೋ ಹೇಳಲಾರೆ.

ಹಾಲು ತುಂಬಿತು. ಕಟ್ಟೆಯ ಮೇಲಿನ ಮುದುಕಿಗೆ ಸುಮ್ಮನಿರಲು ಆಗಲಿಲ್ಲ.

"ಎಮ್ಮಿ ಹೆಸರು ನೀಲಾ ಏನು?"

ಅಪ್ಪ ತಲೆ ಎತ್ತಲಿಲ್ಲ. ಆ ಅಂಗಳದಲ್ಲಿ ಅಮ್ಮನ ಹೆಸರು ಗೊತ್ತಿದ್ದ ಹೊರಗಿನವರು ಒಬ್ಬರೇ, ಶರಣಮ್ಮ. ಅವರು ಒಮ್ಮೆ ಅಮ್ಮನನ್ನು, ಒಮ್ಮೆ ಅಪ್ಪನನ್ನು ನೋಡಿ ಚರಿಗೆ ಎತ್ತಿಕೊಂಡರು.

"ಹೂಂ ಬೇ, ನೀಲಾನ. ಇನ್ನೇನು ಇರತೈತಿ ಮತ್ತ?" ಅಂದುಬಿಟ್ಟರು. ಅಂದಿನಿಂದ ಕರೆವ್ವನ ಹೆಸರು ನೀಲಾ ಆಯಿತು.

ಆ ರಾತ್ರಿ ಅಲ್ಲೇ ಉಳಿಸಿಕೊಂಡರು. ಅಪ್ಪ ಶರಣಮ್ಮನಿಗೆ ಹಾಡು ಕಲಿಸಿದರು. ಅವರ ದನಿ ಒರಟು, ಆದರೆ ರಾಗ ತಪ್ಪಲಿಲ್ಲ. ಬೆಳಿಗ್ಗೆ ಅಪ್ಪ ಎಮ್ಮೆಯ ಬೆನ್ನ ಮೇಲೆ ಕೈ ಇಟ್ಟು ನಿಂತರು, ಶರಣಮ್ಮ ಹಾಡುತ್ತಾ ಹಿಂಡಿದರು. ಹಾಲು ಬಂತು. ಸ್ವಲ್ಪ ಕಡಿಮೆ, ಆದರೆ ಬಂತು.

ಹಿಂತಿರುಗುವಾಗ ಬಸ್ಸಿನಲ್ಲಿ ಅಪ್ಪ, ಅಮ್ಮ ಒಂದೇ ಸೀಟಿನಲ್ಲಿ ಕೂತರು. ಕಾಲುವೆ ಸೇತುವೆ ದಾಟಿದ ಮೇಲೆ ಅಮ್ಮ ಅಂದರು, "ಎಮ್ಮಿ ಮುಂದ ಹೇಳಾಕ ಬಂತು, ನನ್ನ ಮುಂದ ಹೇಳಾಕ ಬರಲಿಲ್ಲ."

ಅಪ್ಪ ಕಿಟಕಿಯ ಹೊರಗೆ ನೋಡುತ್ತಾ, "ಎಮ್ಮಿ ತಿರುಗಿ ಮಾತಾಡಂಗಿಲ್ಲ" ಅಂದರು. ಅಮ್ಮ ಅಷ್ಟು ಜೋರಾಗಿ ನಕ್ಕದ್ದು ನಾನು ಅದೇ ಮೊದಲು ಕೇಳಿದ್ದು. ಕಂಡಕ್ಟರ್ ತಿರುಗಿ ನೋಡಿದ.

ಸಂತೆಯ ದಿನ ಬರಲೇಬೇಕೆಂದು ಶರಣಮ್ಮ ಅಪ್ಪನಿಗೆ ಹೇಳಿದ್ದರು. ಕೊಂಡ ಜಾಗದಲ್ಲೇ ನಿಂತು, ಮಾರಿದವರ ಎದುರಿಗೇ ಮಾತಾಡಬೇಕು ಎಂಬುದು ಅವರ ಲೆಕ್ಕ. ನಾನೂ ಜೊತೆಗೆ ಹೋದೆ. ಬಸಣ್ಣ ಆಗಲೇ ನಾಲ್ಕು ಜನರನ್ನು ಕೂಡಿಸಿಕೊಂಡು ನಿಂತಿದ್ದ.

"ಹೇಳಬೇ ಶರಣಮ್ಮ, ಎಮ್ಮಿ ಹಾಲು ಕೊಡವಲ್ದು ಅಂದಿದ್ದಿ. ಎಲ್ಲಾರ ಮುಂದ ಹೇಳು."

"ಹೌದು, ಕೊಡವಲ್ದಾಗಿತ್ತು. ಅದನ್ನ ಮುಚ್ಚಂಗಿಲ್ಲ" ಅಂದರು ಶರಣಮ್ಮ, ಇಡೀ ಸಂತೆಗೆ ಕೇಳುವ ದನಿಯಲ್ಲಿ. "ಇವರ ಮನಿಗೆ ಹೋಗಿ ಕೇಳ್ದೆ. ಕೇಳಿದ ದಿನಾನ ಹೆಂಡ್ತಿ ಮಗಳನ್ನ ಕಟ್ಟಿಕೊಂಡು ಬಂದು ಹೊಂದಿಸಿ ಕೊಟ್ಟಾರ. ಈಗ ಎರಡೂ ಹೊತ್ತು ಕೊಡಾಕತ್ತೈತಿ. ನಾಯಿ ಕಂಡ್ರ ಬೆದರೂದು ಖರೇ, ಅದನ್ನ ಸವಾಲಿಗಿಂತ ಮೊದ್ಲ ಹೇಳಿದ್ರು. ಇಂಥವರ ಕಡಿಂದ ಇನ್ನೊಂದು ಸಲ ಬೇಕಾದ್ರೂ ತಗೊಂತೀನಿ."

"ಏನ್ ಮಾಡಿ ಹೊಂದಿಸಿದ್ರು?" ಬಸಣ್ಣ ಬಿಡಲಿಲ್ಲ.

ಅಪ್ಪ ಅಂಗಿಯ ಗುಂಡಿ ಮುಟ್ಟಿಕೊಂಡರು. ಆ ಮಾತು ಒಮ್ಮೆ ಸಂತೆಗೆ ಬಿದ್ದಿದ್ದರೆ ಅಪ್ಪ ನೌಕರಿ ಇರುವವರೆಗೂ ಹಾಡುವ ಗುಮಾಸ್ತ ಎನಿಸಿಕೊಳ್ಳುತ್ತಿದ್ದರು. ಶರಣಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡರು.

"ಅದು ಸಂತಿ ಮಾತಲ್ಲೋ ಬಸಣ್ಣ. ನಮ್ಮ ಅವರ ನಡುವಿನ ಮಾತು."

ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಆದರೆ ಕೆಲಸದ ಮಾತು ಬಿಟ್ಟರೆ ನಾಲ್ಕು ಜನರ ಮುಂದೆ ಬಾಯಿ ಬಿಡದ ನಮ್ಮಪ್ಪ ಒಂದು ಹೆಜ್ಜೆ ಮುಂದೆ ಬಂದರು. "ಈ ತಾಯಿಗೆ ಯಾರರ ದನ ಮಾರೋರಿದ್ರ ಧೈರ್ಯದಿಂದ ಮಾರ್‍ರಿ. ಮೊದ್ಲ ಬಂದು ಕೇಳ್ತಾರ, ಆಮ್ಯಾಲೆ ಮಾತಾಡ್ತಾರ" ಅಂದರು. ಮಾರಿದವರು ಕೊಂಡವರನ್ನು ಹೀಗೆ ಸಂತೆಯಲ್ಲಿ ನಿಂತು ಹೊಗಳಿದ್ದನ್ನು ಅಲ್ಲಿ ಯಾರೂ ಕೇಳಿರಲಿಲ್ಲವೇನೋ. ಕೊನೆಗೆ ಬಸಣ್ಣನೇ, "ನಡೀರಿ, ಚಾ ಕುಡಿಯೂಣು" ಅಂದ.

ಮದುವೆಯಾದ ಮೇಲೆ ನಾನು ಸಿಂಧನೂರಿಗೇ ಬಂದೆ. ತೊಂಬತ್ತಾರರ ಸುಮಾರಿಗೆ ಒಂದು ದಿನ ಬಸ್ ನಿಲ್ದಾಣದಲ್ಲಿ ಶರಣಮ್ಮ ಸಿಕ್ಕರು. ಜೊತೆಗೆ ಸೊಸೆ ಇದ್ದಳು. ಕರೆವ್ವ ಹೋಗಿ ಎಷ್ಟೋ ವರ್ಷವಾಗಿತ್ತು, ಅದರ ಮೊಮ್ಮಗಳು ಹಾಲು ಕೊಡುತ್ತಿತ್ತಂತೆ. "ನಮ್ಮ ಅತ್ತಿ ಒಂದು ಹಾಡು ಕಲಿಸ್ಯಾರ್‍ರೀ. ಅದನ್ನ ಅಂದ್ರನ ಸೊರ ಬಿಡ್ತೈತಿ" ಅಂದಳು ಸೊಸೆ. ನೀಲಾ ಯಾರು ಎಂದು ಆ ಹುಡುಗಿಗೂ ಹೇಳಿರಲಿಲ್ಲ. ಶರಣಮ್ಮ ನನ್ನ ಕೈ ಅದುಮಿ, "ನೀಲಮ್ಮಕ್ಕ ಆರಾಮ ಅದಾಳಿಲ್ಲೋ?" ಎಂದಷ್ಟೇ ಕೇಳಿದರು.

ಈಗ ನನ್ನ ಮಗಳು ಮೊಬೈಲಿನಲ್ಲೇ ಸವಾಲ್ ಹಾಕಿ ಹಳೆಯ ಸಾಮಾನು ಕೊಳ್ಳುತ್ತಾಳೆ, ಮಾರುತ್ತಾಳೆ. ಆಮೇಲೆ ಮಾರಿದವರ ಬಗ್ಗೆ ಎಲ್ಲರೂ ಓದುವಂತೆ ಅಭಿಪ್ರಾಯ ಬರೆಯಬೇಕಂತೆ. ಮೊನ್ನೆ ತರಿಸಿದ ಹೊಲಿಗೆ ಯಂತ್ರ ತಿರುಗಲಿಲ್ಲ ಎಂದು ಸಿಟ್ಟಿನಿಂದ ಏನೋ ಬರೆಯಲು ಕೂತಿದ್ದಳು. "ಮೊದಲು ಅವರನ್ನು ಕೇಳಿದೆಯಾ?" ಎಂದೆ. ಕೇಳಿರಲಿಲ್ಲ. ಫೋನ್ ಮಾಡಿದಳು. ಸಾಗಿಸುವಾಗ ಅಲುಗಾಡದಿರಲೆಂದು ಚಕ್ರಕ್ಕೆ ಕಟ್ಟಿದ ದಾರ ಬಿಚ್ಚಬೇಕಿತ್ತು, ಅಷ್ಟೇ.

ಅಪ್ಪ ತೀರಿಕೊಂಡು ಬಹಳ ವರ್ಷವಾಯಿತು. ಅಮ್ಮ ನಮ್ಮ ಜೊತೆಗಿದ್ದಾರೆ. ಇದನ್ನು ಬರೆಯುವ ಮೊದಲು, ಬರೆಯಲೋ ಬೇಡವೋ ಎಂದು ಅವರನ್ನೇ ಕೇಳಿದೆ. ಸೊಪ್ಪು ಸೋಸುತ್ತಿದ್ದವರು ಮೊರ ಪಕ್ಕಕ್ಕಿಟ್ಟರು.

"ಬರಿ. ಶರಣಮ್ಮನ ಹೆಸರು ನಾಲ್ಕು ಮಂದಿಗೆ ಗೊತ್ತಾಗ್ಲಿ. ಆದ್ರ ಹಾಡು ಪೂರ್ತಿ ಬರೀಬ್ಯಾಡ" ಅಂದರು.

ಅದಕ್ಕೇ ಎರಡೇ ಸಾಲು ಬರೆದಿದ್ದೇನೆ.