ಕೋಟೆಯಿದ್ದ ಜಾಗದಲ್ಲಿ ಕೇಳಿದ ಹೆಸರು

ಇಂಥ ಕಥೆಗಳನ್ನು ಯಾರಾದರೂ ಹೇಳಿದರೆ ಎದುರಿಗೇ ನಕ್ಕುಬಿಡುತ್ತಿದ್ದವಳು ನಾನು. ಈಗ ನೀವು ನಕ್ಕರೆ ನನಗೇನೂ ಬೇಸರವಿಲ್ಲ.

ಮಗಳು ಅನಿಕಾಗೆ ಆಗ ಎಂಟು ವರ್ಷ. ಶಾಲೆಯ ಪ್ರಾಜೆಕ್ಟ್‌ಗೆ ಡಚ್ಚರ ಹಳೆಯ ಕೋಟೆಯಿದ್ದ ಜಾಗ ನೋಡಬೇಕೆಂದು ನಾವಿರುವ ಓಲ್ಡ್ ಬ್ರಿಡ್ಜ್ ಊರಿನಿಂದ ಬಸ್ ಹಿಡಿದು ಮ್ಯಾನ್‌ಹಟನ್ನಿನ ತುದಿಗೆ ಹೋಗಿದ್ದೆವು. ಕೋಟೆಯಂತೂ ಇಲ್ಲ, ಅಲ್ಲೀಗ ದೊಡ್ಡ ಕಟ್ಟಡವಿದೆ. ಅದರ ಮೆಟ್ಟಿಲ ಮೇಲೆ ಕೂತು ಫೋನ್ ನೋಡಿ ಓದಿ ಹೇಳಿದೆ. ಡಚ್ಚರು ಆಮ್‌ಸ್ಟರ್‌ಡ್ಯಾಮ್ ಎಂದು ಹೆಸರಿಟ್ಟರು. ಇಂಗ್ಲಿಷರು ಬಂದು ಜೇಮ್ಸ್ ಎಂದರು. ಡಚ್ಚರು ಮತ್ತೆ ಕಿತ್ತುಕೊಂಡು ವಿಲ್ಲೆಮ್ ಹೆಂಡ್ರಿಕ್ ಎಂದರು. ಹೀಗೆ ಆಳುವವರು ಬದಲಾದಂತೆಲ್ಲ ಹೆಸರು ಬದಲಾಗಿ, ಕೆಡವುವ ಹೊತ್ತಿಗೆ ಅದು ಜಾರ್ಜ್ ಕೋಟೆ.

"ಸೋ ವಿಚ್ ಒನ್ ಈಸ್ ರಿಯಲ್, ಅಮ್ಮಾ?"

"ಮೊದಲು ಇಟ್ಟಿದ್ದು ಕಣೇ," ಎಂದೆ. ಎಂದವಳಿಗೇ ಚುರುಕ್ಕೆಂದಿತು. ಅವಳಿಗೂ ಮೊದಲು ಇಟ್ಟ ಹೆಸರೊಂದಿತ್ತು. ತೊಟ್ಟಿಲಿಗೆ ಹಾಕಿದ ದಿನ ಸೋದರತ್ತೆ ಅವಳ ಕಿವಿಯಲ್ಲಿ ಹೇಳಿದ್ದು ತೀರಿಹೋದ ನನ್ನ ಅತ್ತೆಯ ಹೆಸರು, ತುಂಗಮ್ಮ. ನಮ್ಮಲ್ಲಿ ಸೊಸೆ ಅತ್ತೆಯ ಹೆಸರು ಹಿಡಿದು ಕೂಗುವಂತಿಲ್ಲ. ಹಾಗಾಗಿ ಮನೆಗೂ ಶಾಲೆಗೂ ಅನಿಕಾ ಆದಳು. ಇನ್ನೊಂದು ಹೆಸರಿದೆ ಎಂದು ಅವಳಿಗೆ ತಿಳಿಸುವ ಗೋಜಿಗೇ ನಾವು ಹೋಗಿರಲಿಲ್ಲ.

ಚಿತ್ರಾನ್ನದ ಡಬ್ಬಿ ತೆಗೆದು ತಲೆಯೆತ್ತುವಷ್ಟರಲ್ಲಿ ಮಗಳಿಲ್ಲ. "ಅನಿಕಾ, ಅನಿಕಾ" ಎಂದು ಕೂಗುತ್ತಾ ಆ ಜನಜಂಗುಳಿಯಲ್ಲಿ ಹುಚ್ಚಿಯಂತೆ ಓಡಾಡಿದೆ. ಹತ್ತು ನಿಮಿಷವಾದ ಮೇಲೆ ಅವಳೇ ಸಬ್‌ವೇ ಮೆಟ್ಟಿಲು ಹತ್ತಿ ಬಂದಳು. ಹಳದಿ ಟೋಪಿಯ ಯಾವುದೋ ಶಾಲೆಯ ಮಕ್ಕಳ ಹಿಂದೆ ಇಳಿದು, ರೈಲಿನ ಬಾಗಿಲವರೆಗೂ ಹೋಗಿದ್ದಳಂತೆ.

"ಮತ್ತೆ ಹೇಗೆ ವಾಪಸ್ ಬಂದೆ?"

"ಸಮ್‌ಒನ್ ಕಾಲ್ಡ್ ಮಿ. 'ತುಂಗಮ್ಮಾ, ಬಾ ಇಲ್ಲಿ' ಅಂತ. ಐ ಟರ್ನ್ಡ್, ಬಟ್ ದೇರ್ ವಾಸ್ ನೋಬಡಿ."

"ನಿನ್ನನ್ನೇ ಕರೆದಿದ್ದು ಅಂತ ಹೇಗೆ ಗೊತ್ತಾಯ್ತು?"

"ಐ ಜಸ್ಟ್ ನ್ಯೂ," ಎಂದು ಚಿತ್ರಾನ್ನಕ್ಕೆ ಕೈ ಹಾಕಿದಳು.

"ಬೇರೆ ಯಾರೋ ಕನ್ನಡದೋರು ಅವರ ಮನೆಯವರನ್ನ ಕರೆದಿರ್ತಾರೆ ಬಿಡು," ಎಂದರು ನನ್ನವರು, ಮನೆಗೆ ಬಂದು ಹೇಳಿದಾಗ. ಇದ್ದರೂ ಇರಬಹುದು. ಅವರು ಸಿಕ್ಕರೆ ಕಾಲಿಗೆ ಬೀಳುತ್ತೇನೆ. ಯಾರೇ ಆಗಿರಲಿ, ನನ್ನ ಮಗಳನ್ನು ನನಗೆ ಕೊಟ್ಟವರು ಅವರು. ಎಷ್ಟು ಯೋಚಿಸಿದರೂ ಇದಕ್ಕಿಂತ ಮುಂದೆ ನನ್ನ ಬುದ್ಧಿ ಓಡಿಲ್ಲ.

ಆ ಸಂಜೆ ಅತ್ತೆಯ ಫೋಟೊದ ಮುಂದೆ ದೀಪ ಹಚ್ಚಿದೆ. ತಪ್ಪಾಯಿತೆಂದು ಕೈಮುಗಿದು, ಮೊದಲ ಸಲ ಆ ಹೆಸರನ್ನು ಬಾಯಿತುಂಬ ಕೂಗಿದೆ. ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಮಗಳು ಮಹಡಿಯಿಂದ, "ಬಂದೇ..." ಎಂದಳು.