ಕಾಕು ಸಹಿ ಹಾಕದ ಎರಡು ದಿನ

ಫೆಬ್ರವರಿ ಒಂಬತ್ತು, ಭಾನುವಾರ, ಬೆಳಿಗ್ಗೆ ಏಳು ಇಪ್ಪತ್ತೈದು. ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಬಿಲ್ಡಿಂಗಿನ ಪಾರ್ಕಿಂಗಿನಲ್ಲಿ ಎದುರು ಮನೆಯ ಕಾಕು ಅವರ ನಾಯಿ ಸ್ಕೂಟರಿಗೆ ಸಿಕ್ಕಿತು. ನಾಯಿಯನ್ನು ಕೆಳಗೆ ಕರೆದುಕೊಂಡು ಹೋಗಿದ್ದವಳು ನಾನು.

ಮರಾಠಿಯಲ್ಲಿ ಚಿಕ್ಕಮ್ಮನಿಗೆ ಕಾಕು ಎನ್ನುತ್ತಾರೆ. ನಮ್ಮ ಕಾಕು ಮೂವತ್ತೆರಡು ವರ್ಷ ಗಣಿತ ಕಲಿಸಿ ನಿವೃತ್ತರಾದವರು. ಮನೆಯಲ್ಲಿ ಅವರು ಮತ್ತು ಆ ಕಂದು ನಾಯಿ, ಇಬ್ಬರೇ. ಮರಿಯಾಗಿದ್ದಾಗ ಸ್ಟೇಷನ್ ಹತ್ತಿರದ ತರಕಾರಿ ಗಾಡಿಗಳ ಕೆಳಗೆ ಸಿಕ್ಕಿದ್ದಂತೆ. ಮರಾಠಿ ಮನೆಗಳಲ್ಲಿ ಮಕ್ಕಳನ್ನು ಮುದ್ದಿನಿಂದ ಕರೆಯುವ ಹಾಗೆ ಅದನ್ನು ‘ಸೋನ್ಯಾ’ ಎನ್ನುತ್ತಿದ್ದರು. ನಾಸಿಕದಲ್ಲಿರುವ ಅಕ್ಕನ ಮನೆಗೆ ಹೋಗುವಾಗೆಲ್ಲ ತಮ್ಮ ಮನೆಯ ಕೀಲಿಯನ್ನು ನಮಗೆ ಕೊಟ್ಟು ಹೋಗುತ್ತಿದ್ದರು, ನಾಯಿಯನ್ನೂ ನನಗೇ ಒಪ್ಪಿಸಿ.

ನಾನು ಮಹಾಪೆಯ ಒಂದು ಔಷಧ ಕಂಪನಿಯ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಫ್ರಿಜ್ಜಿನ ಉಷ್ಣಾಂಶ, ತೂಕದ ಯಂತ್ರದ ಅಳತೆ, ಎಲ್ಲವನ್ನೂ ಗಂಟೆಗಂಟೆಗೆ ಪಟ್ಟಿಯಲ್ಲಿ ತುಂಬುವುದು ನನ್ನ ಕೆಲಸ. ನೋಡಿದ ಮೇಲೆ ಬರೆಯಬೇಕು, ನೋಡುವ ಮುಂಚೆ ಒಂದು ಚುಕ್ಕೆಯನ್ನೂ ಇಡಬಾರದು, ಇದು ಅಲ್ಲಿನ ಮೊದಲ ಪಾಠ. ಹನ್ನೆರಡು ಗಂಟೆಯ ಅಂಕಿಯನ್ನು ಹನ್ನೊಂದಕ್ಕೇ ತುಂಬಿ ಊಟಕ್ಕೆ ಹೋದ ಒಬ್ಬ ಹುಡುಗಿಯನ್ನು ನಾನು ಸೇರಿದ ವರ್ಷವೇ ಮನೆಗೆ ಕಳಿಸಿದ್ದರು. ಅಲ್ಲಿನ ಅಭ್ಯಾಸ ಮನೆಗೂ ಬಂತು. ಕಾಕು ನಾಯಿಗಾಗಿಯೂ ಒಂದು ನೋಟ್‌ಬುಕ್ ಮಾಡಿದ್ದೆ. ತಾರೀಕು, ಇಳಿದ ಸಮಯ, ಹತ್ತಿದ ಸಮಯ, ಬೆಲ್ಟ್, ಊಟ, ನೀರು. ಕಾಕು ಊರಿಂದ ಬಂದ ಕೂಡಲೇ ಕನ್ನಡಕ ಹಾಕಿಕೊಂಡು ಸಾಲುಸಾಲು ನೋಡಿ, ಕೆಳಗೆ ಕೆಂಪು ಪೆನ್ನಿನಲ್ಲಿ ಸರಿ ಗುರುತು ಹಾಕುತ್ತಿದ್ದರು. ಇಪ್ಪತ್ತನಾಲ್ಕು ವರ್ಷದವಳಿಗೆ ಅದರಿಂದ ಎಷ್ಟು ಖುಷಿಯಾಗುತ್ತಿತ್ತು ಎಂದು ಹೇಳಿಕೊಳ್ಳಲು ಈಗ ನಾಚಿಕೆ.

ಆ ಭಾನುವಾರದ ಹೊತ್ತಿಗೆ ನಾಯಿಯನ್ನು ಅರವತ್ತಮೂರು ಸಲ ಕೆಳಗೆ ಕರೆದೊಯ್ದಿದ್ದೆ. ಅರವತ್ತಮೂರೂ ಸಾಲುಗಳಲ್ಲಿ ಬೆಲ್ಟಿನ ಕಾಲಮ್ಮಿನಲ್ಲಿ ಗುರುತು ಇದೆ. ಅರವತ್ತನಾಲ್ಕನೆಯದರಲ್ಲೂ ಇದೆ. ನಾಯಿ ತಟ್ಟೆಯಲ್ಲಿ ಅನ್ನ ತಿನ್ನುತ್ತಿದ್ದಾಗ, ಹೇಗೂ ದಿನಾ ಇದೇ ಅಲ್ಲವೇ ಎಂದು ನಾನು ಹತ್ತಿದ ಸಮಯವೊಂದನ್ನು ಬಿಟ್ಟು ಇಡೀ ಸಾಲನ್ನು ಮೊದಲೇ ತುಂಬಿಬಿಟ್ಟೆ. ಆಮೇಲೆ ನೋಡಿದರೆ ಬೆಲ್ಟ್ ಇಲ್ಲ. ವಾಸನೆ ಬರುತ್ತದೆಂದು ಅವ್ವ ಅದನ್ನು ಹಿಂದಿನ ಸಂಜೆ ಒಗೆದು ನಮ್ಮ ಕಿಟಕಿಯ ಹಗ್ಗಕ್ಕೆ ಹಾಕಿದ್ದಳು, ಇನ್ನೂ ಒದ್ದೆಯಿತ್ತು. ನಾಯಿ ಬಾಗಿಲ ಬಳಿ ಕುಣಿಯುತ್ತಿತ್ತು. ಐದು ನಿಮಿಷದ ಮಾತು, ಪಾರ್ಕಿಂಗಿನ ನೀರಿನ ಟ್ಯಾಂಕಿನ ಹಿಂದೆ ಹೋಗಿ ಬಂದರಾಯಿತು ಅಂದುಕೊಂಡು ಹಾಗೇ ಇಳಿಸಿದೆ.

ಟ್ಯಾಂಕಿನ ಹಿಂದಿನಿಂದ ಒಂದು ಬೆಕ್ಕು ಎದ್ದು ಓಡಿತು. ನಾಯಿ ಅದರ ಹಿಂದೆ ಓಡಿತು. ಎರಡನೇ ಮಹಡಿಯ ಮೈಸೂರಿನ ಅಂಕಲ್ ಹಾಲು, ಹೂವು ತೆಗೆದುಕೊಂಡು ಸ್ಕೂಟರಿನಲ್ಲಿ ಗೇಟಿನಿಂದ ಒಳಗೆ ತಿರುಗಿದರು. ವೇಗವೇನೂ ಇರಲಿಲ್ಲ. ನಾಯಿ ಕಂಬದ ಮರೆಯಿಂದ ನೇರ ಚಕ್ರದ ಕೆಳಗೆ ಹೋಯಿತು. ಅಂಕಲ್ ಸ್ಕೂಟರಿನ ಸಮೇತ ಅದರ ಹಿಂಗಾಲಿನ ಮೇಲೆ ಬಿದ್ದರು. ವಾಚ್‌ಮನ್ ನೀರಿನ ಪಂಪ್ ನೋಡಲು ಟೆರೇಸಿಗೆ ಹೋಗಿದ್ದ. ನೋಡಿದವರು ನಾವಿಬ್ಬರೇ.

ನನ್ನ ದುಪಟ್ಟಾದಲ್ಲಿ ನಾಯಿಯನ್ನು ಸುತ್ತಿ, ಅವ್ವನ ಜೊತೆ ಆಟೋದಲ್ಲಿ ಥಾಣೆಯ ವರ್ತಕ ನಗರದ ಪ್ರಾಣಿ ಆಸ್ಪತ್ರೆಗೆ ಹೊರಟೆ. ಮುಂಬ್ರಾ ದಾಟುವವರೆಗೂ ಅದು ಕೂಗಿತು, ಆಮೇಲೆ ಸುಮ್ಮನಾಯಿತು. ಕೂಗುವುದೇ ವಾಸಿ ಎನಿಸಿತು. ಡಾಕ್ಟರು ಎಕ್ಸ್‌ರೇ ನೋಡಿ, ಮೊಣಕಾಲಿನ ಕೆಳಗೆ ಮೂಳೆ ಪುಡಿಯಾಗಿದೆ, ರಕ್ತ ಓಡುತ್ತಿಲ್ಲ, ಕಾಲು ತೆಗೆಯಬೇಕು ಎಂದರು. ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು.

“ನೀವು ಓನರಾ?”

“ಅಲ್ಲ. ಎದುರು ಮನೆಯವರು.”

“ಹಾಗಾದರೆ ಓನರನ್ನು ಕರೆಸಿ. ಕಾಲು ಕತ್ತರಿಸೋದಕ್ಕೆ ಅವರ ಸಹಿ ಇಲ್ಲದೆ ನಾನು ಕೈ ಹಾಕಲ್ಲ.”

ಕಾಕು ನಾಸಿಕದಿಂದ ಹೊರಟು ಮಧ್ಯಾಹ್ನ ಮೂರೂವರೆಗೆ ನೇರ ಆಸ್ಪತ್ರೆಗೇ ಬಂದರು. ನಾಯಿಯ ತಲೆಯ ಮೇಲೆ ಕೈಯಿಟ್ಟರು. ಡಾಕ್ಟರು ಫಾರಂ ಮುಂದಿಟ್ಟರು. ಕಾಕು ಅದನ್ನು ಓದಿ, ಮಡಚಿ, ಪರ್ಸಿನಲ್ಲಿಟ್ಟುಕೊಂಡರು.

“ಹೊಡೆದವನು ಮೊದಲು ಬರೆದುಕೊಡಲಿ, ತನ್ನ ತಪ್ಪೆಂದು. ಆಮೇಲೆ ಸಹಿ ಹಾಕುತ್ತೇನೆ,” ಎಂದರು. ಅವರೊಡನೆ ನಮ್ಮ ಮಾತೆಲ್ಲ ಮರಾಠಿಯಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. “ಇವತ್ತು ನಾನು ಸಹಿ ಹಾಕಿದರೆ ನಾಳೆ ಎಲ್ಲರೂ ‘ಕಾಕುನೇ ಕಾಲು ಕತ್ತರಿಸಿದಳು’ ಅನ್ನುತ್ತಾರೆ. ಅವನ ಹೆಸರನ್ನು ಯಾರೂ ಎತ್ತುವುದಿಲ್ಲ.”

ಐದು ಗಂಟೆಗೆ ನಮ್ಮ ಬಿಲ್ಡಿಂಗಿನ ಸೊಸೈಟಿ ಆಫೀಸಿನಲ್ಲಿ ಕಮಿಟಿಯವರು ಸೇರಿದರು. ಅಂಕಲ್ ಬಲಗೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಬಂದಿದ್ದರು.

“ಬೆಲ್ಟ್ ಇರಲಿಲ್ಲ ಸಾರ್,” ಎಂದರು ಸೆಕ್ರೆಟರಿಗೆ, ತಮ್ಮ ಮೈಸೂರು ಹಿಂದಿಯಲ್ಲಿ. “ನಾಯಿ ಒಂಟಿಯಾಗಿ ಓಡಿ ಬಂತು. ನಾನೇನು ಬ್ರೇಕ್ ಹಾಕದೇ ಇದ್ನಾ? ನನ್ನ ಕೈ ನೋಡಿ.”

ಸೆಕ್ರೆಟರಿ ನನ್ನತ್ತ ತಿರುಗುವ ಮುಂಚೆಯೇ ಕಾಕು ನೋಟ್‌ಬುಕ್ಕನ್ನು ಮೇಜಿನ ಮೇಲಿಟ್ಟರು. ಆಸ್ಪತ್ರೆಯಿಂದ ಬಂದವರೇ ತಮ್ಮ ಅಡುಗೆಮನೆಯಿಂದ ತಂದಿದ್ದರು. “ಓದಿ. ಈ ಹುಡುಗಿ ಎಂಟು ತಿಂಗಳಲ್ಲಿ ಒಂದು ನಿಮಿಷವನ್ನೂ ತಪ್ಪು ಬರೆದಿಲ್ಲ. ನನ್ನ ವಿದ್ಯಾರ್ಥಿಗಳಲ್ಲೂ ಇಂಥವಳನ್ನು ನೋಡಿಲ್ಲ.”

ಸೆಕ್ರೆಟರಿ ಸಾಲಿನ ಮೇಲೆ ಬೆರಳಿಟ್ಟು ಓದಿದರು. ತಾರೀಕು, ಸಮಯ, ಬೆಲ್ಟ್, ಗುರುತು ಇದೆ. ಗೋಡೆಯ ಗಡಿಯಾರದಲ್ಲಿ ಆಗ ಐದು ಇಪ್ಪತ್ತು. ಆ ಸಾಲನ್ನು ಯಾವಾಗ ತುಂಬಿದ್ದೆ ಎಂಬುದು ನನಗೆ ನೆನಪಾದದ್ದು ಆಗಲೇ. ಇಡೀ ದಿನ ಅದರ ಕಡೆ ಮನಸ್ಸೇ ಹೋಗಿರಲಿಲ್ಲ.

ಅಂಕಲ್ ನನ್ನ ಕಡೆ ತಿರುಗಿ ಕನ್ನಡದಲ್ಲಿ ಕೇಳಿದರು. “ನೀನೇ ಹೇಳು ಮರೀ. ಇತ್ತಾ ಬೆಲ್ಟು?”

ಅವ್ವ ನನ್ನ ಮೊಣಕೈ ಒತ್ತಿದಳು.

“ಬುಕ್ಕಿನಲ್ಲಿ ಬರೆದಿದೆಯಲ್ಲ ಅಂಕಲ್,” ಎಂದೆ.

 ಅಂಕಲ್ ಹೆಂಡತಿಗೆ ತಡೆಯಲಾಗಲಿಲ್ಲ. “ಹಬ್ಬಕ್ಕೆ ನಮ್ಮನೇಲಿ ಕೂತು ಊಟ ಮಾಡೋ ಹುಡುಗಿ! ಬುಕ್ಕಿನಲ್ಲಿದೆಯಂತೆ! ನಾಯಿ ಏನು ಬುಕ್ಕಿನಿಂದ ಓಡಿ ಬಂತಾ?” ಎಂದು ಅಂಕಲ್ಲನ್ನು ಎಬ್ಬಿಸಿಕೊಂಡು ಹೊರಟರು. ಬಾಗಿಲಲ್ಲಿ ನಿಂತು ಅಂಕಲ್, “ನಾನು ಬರೆದುಕೊಡಲ್ಲ. ಮಾಡದ ತಪ್ಪಿಗೆ ಬರೆದುಕೊಟ್ಟು ನಾಳೆ ಪೊಲೀಸ್ ಸ್ಟೇಷನ್ ಅಲೆಯೋದಕ್ಕೆ ನನ್ನ ಕೈಲಾಗಲ್ಲ,” ಎಂದರು.

“ಹಾಗಾದರೆ ನಾನೂ ಸಹಿ ಹಾಕುವುದಿಲ್ಲ,” ಎಂದರು ಕಾಕು.

ಮನೆಗೆ ಬಂದ ಮೇಲೆ ಅವ್ವನಿಗೆ ಹೇಳಿದೆ. ಅವಳಿಗೆ ಆಗಲೇ ಗೊತ್ತಿತ್ತು. ಕಿಟಕಿಯ ಹಗ್ಗದಿಂದ ಬೆಲ್ಟ್ ತೆಗೆದವಳು ಅವಳೇ.

“ಬಾಯಿ ಮುಚ್ಚಿಕೊಂಡು ಕುಂದ್ರು,” ಎಂದಳು. “ಮಾರ್ಚನ್ಯಾಗ ಎಗ್ರಿಮೆಂಟ್ ಮುಗೀತೈತಿ. ಸೊಸೈಟಿಯವರು ಒಂದ ಮಾತ ಹೇಳಿದ್ರ ಮನಿ ಮಾಲಕ ನಮ್ಮನ್ನ ಇಟಗೋತಾನೇನು? ಮತ್ತ ಸಾಮಾನ ಕಟಗೊಂಡು ಎಲ್ಲಿಗ್ ಹೋಗೂದು?”

“ಅವ್ವಾ, ನಾಯಿ ಸಾಯ್ತೈತಿ.”

“ಸಹಿ ಹಾಕಬ್ಯಾಡ ಅಂತ ನಾವೇನ್ ಹೇಳೀವೇನು? ಆಕಿ ನಾಯಿ, ಆಕಿ ಹಾಕ್ಲಿ.”

ಮಾರ್ಚಿನಲ್ಲಿ ಎಗ್ರಿಮೆಂಟ್ ಹಾಗೇ ಮುಂದುವರಿಯಿತು, ಯಾರೂ ಏನೂ ಕೇಳಲಿಲ್ಲ. ಆದರೆ ಆ ಸಂಜೆ ಅದು ನಮಗೆ ತಿಳಿದಿರಲಿಲ್ಲ. ನಾಲ್ಕು ವರ್ಷದಲ್ಲಿ ಮೂರು ಮನೆ ಬದಲಿಸಿದವಳ ಮಾತಿಗೆ ನಾನು ಎದುರು ಹೇಳಲಿಲ್ಲ. ಅವ್ವನ ಮೇಲೆ ಹಾಕಿ ತಪ್ಪಿಸಿಕೊಳ್ಳುವುದೂ ಸರಿಯಲ್ಲ. ಕಾಕು ಕೆಂಪು ಪೆನ್ನು ಹಿಡಿದು ಇನ್ನು ಮುಂದೆ ನನ್ನನ್ನು ಹೇಗೆ ನೋಡುತ್ತಾರೆ ಎಂಬುದೇ ನನ್ನ ದೊಡ್ಡ ಭಯವಾಗಿತ್ತು.

ಸೋಮವಾರ ಕೆಲಸಕ್ಕೆ ಹೋದೆ. ಗಂಟೆಗೊಮ್ಮೆ ಫ್ರಿಜ್ಜಿನ ಬಾಗಿಲ ಮುಂದೆ ನಿಂತು ಅಂಕಿ ನೋಡಿದೆ, ಬರೆದೆ, ಮತ್ತೆ ನೋಡಿದೆ. ಎಂಟು ಅಂಕಿಗಳು, ಎಂಟೂ ಸರಿ. ಸಂಜೆ ಆಸ್ಪತ್ರೆಗೆ ಹೋದಾಗ ನಾಯಿಗೆ ನೂರನಾಲ್ಕು ಜ್ವರ. ಪಟ್ಟಿ ಕಟ್ಟಿದ ಕಾಲಿನಿಂದ ವಾಸನೆ ಬರುತ್ತಿತ್ತು. ಕಾಕು ಸ್ಟೂಲಿನ ಮೇಲೆ ಕೂತು ಬೆರಳಿಂದ ಅದರ ನಾಲಿಗೆಗೆ ನೀರು ಹಚ್ಚುತ್ತಿದ್ದರು. “ಬರುತ್ತಾನೆ, ನೋಡುತ್ತಿರು. ಅವನಿಗೂ ಮನಸ್ಸಾಕ್ಷಿ ಇರುತ್ತದೆ. ನಿನ್ನ ಬುಕ್ ಇರುವಾಗ ಎಷ್ಟು ದಿನ ಸುಳ್ಳು ಹೇಳುತ್ತಾನೆ?” ಎಂದರು ನನಗೆ.

ಅವರು ಎಷ್ಟು ಸಲ ನೀರು ಹಚ್ಚಿದರು ಎಂದು ನಾನು ಎಣಿಸುತ್ತ ನಿಂತಿದ್ದೆ. ಇಪ್ಪತ್ತಾರಕ್ಕೆ ಬಿಟ್ಟೆ. ಅವತ್ತು ರೈಲಿನಲ್ಲಿ ಕಾಕು ಪಕ್ಕದಲ್ಲೇ ಕೂತು ಬಂದೆ, ಡೊಂಬಿವಲಿಯವರೆಗೂ ಹೇಳಬಹುದಿತ್ತು. ಕಳ್ವಾದಲ್ಲಿ ಒಮ್ಮೆ ಬಾಯಿ ತೆರೆದೆ. ಅವರು ನನ್ನತ್ತ ತಿರುಗಿ, “ಊಟ ಮಾಡಿದೆಯಾ?” ಎಂದು ಕೇಳಿದರು. “ಆಯಿತು” ಎಂದೆ.

ಮಂಗಳವಾರ ಸಂಜೆ ಡಾಕ್ಟರು ಪಟ್ಟಿ ಬಿಚ್ಚಿ ತೋರಿಸಿದರು. ಕಪ್ಪು ಬಣ್ಣ ಮೊಣಕಾಲನ್ನು ದಾಟಿ ಮೇಲೆ ಹೋಗಿತ್ತು. “ಈಗ ಸೊಂಟದ ಹತ್ತಿರದಿಂದಲೇ ತೆಗೆಯಬೇಕು. ನಾಳೆ ಬೆಳಿಗ್ಗೆ ಮಾಡಿದರೆ ಒಂದು ಅವಕಾಶ. ಅದಾದ ಮೇಲೆ ನಿಮ್ಮ ಸಹಿ ನನಗೆ ಬೇಡ ಮೇಡಂ, ಆ ಕಾಗದ ಮನೆಯಲ್ಲೇ ಇಟ್ಟುಕೊಳ್ಳಿ.” ಅವರು ಸಿಟ್ಟಿನಲ್ಲಿದ್ದರು.

ಕಾಕು ಕಾರಿಡಾರಿಗೆ ಬಂದು ಅಂಕಲ್ಲಿಗೆ ಫೋನ್ ಮಾಡಿದರು. ಸ್ಪೀಕರಿನಲ್ಲಿ ಅವರ ದನಿ ಸೋತಿತ್ತು. “ನಿಮ್ಮ ನಾಯಿಗೆ ಆಗಿದ್ದಕ್ಕೆ ನನಗೂ ನಿದ್ದೆ ಇಲ್ಲ ತಾಯಿ. ಆದರೆ ಇಲ್ಲದ್ದನ್ನ ಹೇಗೆ ಬರೀಲಿ?” ಎಂದರು ಹಿಂದಿಯಲ್ಲಿ. ಕಾಕು ಫೋನಿಟ್ಟು, “ಕಲ್ಲು ಮನುಷ್ಯ,” ಎಂದು ನನ್ನ ಭುಜ ಹಿಡಿದುಕೊಂಡರು.  ನಿಲ್ಲಲು ಆಸರೆಗಾಗಿ ನನ್ನನ್ನು ಹಿಡಿದಿದ್ದರು.

“ಕಾಕು, ಬೆಲ್ಟ್ ಹಾಕಿರಲಿಲ್ಲ,” ಎಂದೆ.

ಅವರಿಗೆ ಅರ್ಥವಾಗಲಿಲ್ಲ. ಮತ್ತೆ ಹೇಳಿದೆ. ಸಾಲನ್ನು ಮೊದಲೇ ತುಂಬಿದ್ದೆ. ಬೆಲ್ಟ್ ಹಗ್ಗದ ಮೇಲಿತ್ತು. ಅಂಕಲ್ ಹೇಳುವುದು ನಿಜ. ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದೆ. ಆರು ಇಪ್ಪತ್ತಾಗಿತ್ತು.

ಕಾಕು ನನ್ನ ಭುಜದಿಂದ ಕೈ ತೆಗೆದು ಗೋಡೆ ಹಿಡಿದುಕೊಂಡರು. ಬೈಯುತ್ತಾರೆಂದು ಕಾದೆ. ಅವರು ಪರ್ಸಿನಿಂದ ಆ ಮಡಚಿದ ಫಾರಂ ತೆಗೆದು, ಗೋಡೆಗೇ ಒತ್ತಿಹಿಡಿದು ಸಹಿ ಮಾಡಿದರು. ಪೆನ್ನಿನ ಮೊನೆ ಎರಡು ಕಡೆ ಕಾಗದವನ್ನು ತೂತು ಮಾಡಿತು. ಒಳಗೆ ಹೋಗಿ ಡಾಕ್ಟರಿಗೆ ಕೊಟ್ಟು, ಮತ್ತೆ ಫೋನ್ ತೆಗೆದು ಅಂಕಲ್ಲಿಗೆ ಮಾಡಿದರು. “ತಪ್ಪು ನಮ್ಮ ಕಡೆಯದು. ಕ್ಷಮಿಸಿ,” ಎಂದಷ್ಟೇ ಹೇಳಿದರು. ನಮ್ಮ ಕಡೆ ಎಂದರು. ನನ್ನ ಹೆಸರು ಹೇಳಲಿಲ್ಲ.

ಬುಧವಾರ ಬೆಳಿಗ್ಗೆ ಒಂಬತ್ತಕ್ಕೆ ಆಪರೇಷನ್ ಆಯಿತು. ನಾನು ರಜೆ ಹಾಕಿ ಹೊರಗೆ ಕೂತಿದ್ದೆ. ಕಾಕು ನನ್ನಿಂದ ಮೂರು ಕುರ್ಚಿ ಬಿಟ್ಟು ಕೂತರು. ಸಂಜೆ ನಾಯಿ ಕಣ್ಣು ತೆರೆಯಿತು, ಕಾಕು ದನಿ ಕೇಳಿ ಬಾಲವನ್ನು ಎರಡು ಸಲ ಅಲ್ಲಾಡಿಸಿತು. ಗುರುವಾರ ಜ್ವರ ನೂರೆರಡಕ್ಕೆ ಇಳಿಯಿತು, ಸಂಜೆ ಮತ್ತೆ ಏರಿತು. ಸೋಂಕು ರಕ್ತಕ್ಕೆ ಸೇರಿದೆ ಎಂದರು. ಶುಕ್ರವಾರ ಬೆಳಿಗ್ಗೆ ಆರು ಹತ್ತಕ್ಕೆ ಅದು ಹೋಯಿತು. ಭಾನುವಾರವೇ ತೆಗೆದಿದ್ದರೆ ಉಳಿಯುತ್ತಿತ್ತೇ ಎಂದು ಡಾಕ್ಟರನ್ನು ಕೇಳಿದೆ. ಅವರು ಕೈ ತೊಳೆಯುತ್ತಿದ್ದರು. ಟವೆಲ್ಲಿನಲ್ಲಿ ಕೈ ಒರೆಸಿಕೊಂಡು ಒಳಗೆ ಹೋದರು.

ನಾಯಿಯನ್ನು ಒಯ್ಯಲು ಅಂಕಲ್ ಬಂದರು. ಕರೆದವರು ಯಾರು ಎಂದು ನನಗೆ ಗೊತ್ತಿಲ್ಲ. ಪ್ಲಾಸ್ಟರಿನ ಕೈ ಎದೆಗೆ ಒತ್ತಿಕೊಂಡು, ಇನ್ನೊಂದು ಕೈಯಿಂದ ಬಿಳಿ ಬಟ್ಟೆಯ ಗಂಟಿನ ಒಂದು ತುದಿ ಹಿಡಿದರು. ಇನ್ನೊಂದು ತುದಿ ಕಾಕು ಹಿಡಿದರು. ನಾನು ಕೈ ಚಾಚಿದೆ. ಅಂಕಲ್, “ಬೇಡಮ್ಮ, ಬಿಡು,” ಎಂದರು. ದನಿಯಲ್ಲಿ ಕೋಪ ಇರಲಿಲ್ಲ. ಅದಕ್ಕೇ ನನಗೆ ಅಳು ಬಂತು.

ಎಲ್ಲ ಮುಗಿಸಿ ಬಿಲ್ಡಿಂಗಿಗೆ ಬಂದಾಗ ಮಧ್ಯಾಹ್ನ. ನಾಲ್ಕನೇ ಮಹಡಿಯಲ್ಲಿ ಕಾಕು ಬಾಗಿಲು ತೆಗೆದು ಒಳಗೆ ಹೆಜ್ಜೆಯಿಟ್ಟು, ತಿರುಗಿ ನಿಂತರು. ಮಂಗಳವಾರದಿಂದ ಮೊದಲ ಸಲ ನನ್ನ ಮುಖ ನೋಡಿದರು.

“ಬುಕ್ಕಿನ ಸಾಲು ತಪ್ಪೆಂದು ಕಮಿಟಿಯಲ್ಲೇ ನಿನಗೆ ಗೊತ್ತಾಗಿತ್ತೇ?”

“ಹೌದು.”

“ಅಲ್ಲಿಂದ ನನಗೆ ಹೇಳುವವರೆಗೆ ಎಷ್ಟು ಗಂಟೆ?”

ತರಗತಿಯಲ್ಲಿ ಲೆಕ್ಕ ಕೇಳುವ ದನಿ. ತಿಳಿಯದು ಎನ್ನಬಹುದಿತ್ತು. ಆದರೆ ನಾನು ಅದನ್ನು ಆಗಲೇ ಎಷ್ಟೋ ಸಲ ಎಣಿಸಿ ಇಟ್ಟುಕೊಂಡಿದ್ದೆ.

“ನಲವತ್ತೊಂಬತ್ತು,” ಎಂದೆ.

ಅವರು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿರುವುದು ಕಂಡಿತು, ತುಟಿ ಸ್ವಲ್ಪ ಅಲ್ಲಾಡಿತು. “ಸರಿ ಇದೆ,” ಎಂದು ಬಾಗಿಲು ಹಾಕಿಕೊಂಡರು.